ಪನಾಮಾ ಕಾಲುವೆಯಲ್ಲಿ ನನಗೆ ಸಿಕ್ಕ ಹದಿನೈದು ನಿಮಿಷ

ಹಡಗಿನಲ್ಲಿ ಕೆಲಸ ಮಾಡಿ ಬಂದವನು ಎಂದು ಗೊತ್ತಾದರೆ ಊರಲ್ಲಿ ಕೇಳುವುದು ಎರಡೇ ಪ್ರಶ್ನೆ. ಸಂಬಳ ಎಷ್ಟು? ಎಲ್ಲೆಲ್ಲಿ ಸುತ್ತಿದೆ? ‘ಪನಾಮಾ ಕಾಲುವೆ ದಾಟಿದ್ದೀನಿ’ ಎಂದರೆ ಹುಡುಗರ ಕಣ್ಣು ಅರಳುತ್ತದೆ. ಯೂಟ್ಯೂಬಿನಲ್ಲಿ ನೋಡಿರುತ್ತಾರೆ. ಹಾಗಾಗಿ ಆ ಒಂದು ದಿನ ಹೇಗಿತ್ತು ಅನ್ನುವುದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇನೆ.

ನಮ್ಮೂರು ಗೊರೂರು. ಹೇಮಾವತಿ ಅಣೆಕಟ್ಟೆಯ ಊರು. ಗೊರೂರು ರಾಮಸ್ವಾಮಿ ಅಯ್ಯಂಗಾರರು ‘ಅಮೆರಿಕದಲ್ಲಿ ಗೊರೂರು’ ಬರೆದು 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು ಎಂದು ಶಾಲೆಯಲ್ಲಿ ಮೇಷ್ಟ್ರು ಹೆಮ್ಮೆಯಿಂದ ಹೇಳುತ್ತಿದ್ದರು. ಅವರು ನೋಡಲು ಹೋದವರು. ನಾನು ಹೋದದ್ದು ಹೋಟೆಲ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಕೈಯಲ್ಲಿ ಹಿಡಿದು, ಕ್ರೂಸ್ ಹಡಗಿನ ‘ಗ್ಯಾಲಿ ಯುಟಿಲಿಟಿ’ ಆಗಿ. ಹೆಸರು ಕೇಳಲು ಚೆನ್ನಾಗಿದೆ. ಕೆಲಸ ಪಾತ್ರೆ ತೊಳೆಯುವುದು, ನೆಲ ಒರೆಸುವುದು, ಕಸ ಬೇರ್ಪಡಿಸುವುದು.

ಕಾಲುವೆಯ ದಿನ ಬೆಳಿಗ್ಗೆ ನಾಲ್ಕೂವರೆಗೆ ಎದ್ದೆವು. ಪ್ರಯಾಣಿಕರೆಲ್ಲ ಬೆಳಕು ಹರಿಯುವ ಮೊದಲೇ ಡೆಕ್ ಮೇಲೆ ಜಾಗ ಹಿಡಿಯುತ್ತಾರೆ, ಆದ್ದರಿಂದ ತಿಂಡಿ ಬೇಗ, ತಟ್ಟೆಗಳ ರಾಶಿಯೂ ಬೇಗ. ನಮ್ಮ ಕೆಲಸದ ಜಾಗಕ್ಕೆ ಕಿಟಕಿಯಿಲ್ಲ. ಎಂಜಿನ್ ಸದ್ದು ಬದಲಾದಾಗ ‘ಲಾಕ್ ಬಂತು’ ಎಂದು ತಿಳಿಯಬೇಕು, ಅಷ್ಟೆ. ಜೊತೆಗಿದ್ದ ಗೋವಾದ ಹಿರಿಯರೊಬ್ಬರು ನನ್ನ ಮುಖ ನೋಡಿ, ‘ಹದಿನೈದು ನಿಮಿಷ, ಹೋಗಿ ಬಾ ಬೇಟಾ, ನಾನು ನೋಡಿಕೊಳ್ತೀನಿ’ ಅಂದರು. ಏಪ್ರನ್ನಿನಲ್ಲೇ ಕೈ ಒರೆಸಿಕೊಂಡು ಸಿಬ್ಬಂದಿಗೆ ಬಿಟ್ಟಿರುವ ಮುಂಭಾಗದ ಡೆಕ್ಕಿಗೆ ಓಡಿದೆ.

ಕೈ ಚಾಚಿದರೆ ಗೋಡೆ ಸಿಗುವಂತಿತ್ತು. ಹಳೆಯ ಲಾಕ್‌ಗಳ ಅಗಲ 33.5 ಮೀಟರ್, ನಮ್ಮ ಹಡಗಿನದು ಸುಮಾರು 32. ಎರಡೂ ಬದಿಗೆ ಉಳಿಯುವುದು ಎರಡು ಅಡಿ ಚಿಲ್ಲರೆ. ಹಡಗು ಗೋಡೆಗೆ ತಾಗದಂತೆ ದಡದ ಹಳಿಗಳ ಮೇಲೆ ಓಡುವ ವಿದ್ಯುತ್ ಎಂಜಿನ್‌ಗಳು ತಂತಿ ಬಿಗಿದು ಹಿಡಿದಿರುತ್ತವೆ. ಅವುಗಳಿಗೆ ಅಲ್ಲಿನವರು ‘ಮ್ಯೂಲ್’, ಅಂದರೆ ಹೇಸರಗತ್ತೆ ಅನ್ನುತ್ತಾರೆ. ನೋಡನೋಡುತ್ತಲೇ ಗೋಡೆ ಕೆಳಗಿಳಿಯತೊಡಗಿತು. ಇಳಿದದ್ದು ಗೋಡೆಯಲ್ಲ, ನಾವೇ ಮೇಲೇಳುತ್ತಿದ್ದೆವು. ಪಂಪು ಇಲ್ಲ, ಮೋಟಾರು ಇಲ್ಲ. ಮೇಲಿನ ಕೆರೆಯ ನೀರನ್ನು ತೂಬಿನ ಮೂಲಕ ಕೆಳಗೆ ಬಿಟ್ಟರೆ ಆಯಿತು. ಗದ್ದೆಯಿಂದ ಗದ್ದೆಗೆ ನೀರು ಕಟ್ಟಿದವರಿಗೆ ಅರ್ಥವಾಗದ್ದೇನೂ ಅದರಲ್ಲಿಲ್ಲ. ಮೂರು ಮೆಟ್ಟಿಲಿನಲ್ಲಿ ಹಡಗು ಸಮುದ್ರಮಟ್ಟದಿಂದ ಸುಮಾರು 26 ಮೀಟರ್ ಮೇಲಿರುವ ಗಾಟುನ್ ಸರೋವರ ಸೇರುತ್ತದೆ. ನಾನು ನೋಡಿದ್ದು ಮೊದಲ ಮೆಟ್ಟಿಲು ಮಾತ್ರ. ಹದಿನೈದು ನಿಮಿಷ ಮುಗಿದಿತ್ತು.

ಉಳಿದದ್ದನ್ನು ರಜೆಯಲ್ಲಿ ಓದಿಕೊಂಡೆ. ಒಂದು ಹಡಗು ದಾಟಲು ಸುಮಾರು 20 ಕೋಟಿ ಲೀಟರ್ ಸಿಹಿನೀರು ಸಮುದ್ರ ಸೇರುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಒಂದು ಟಿಎಂಸಿಗೆ ಸುಮಾರು 140 ಹಡಗು. ಅದೇ ನೀರನ್ನೇ ಪನಾಮಾದ ಅರ್ಧದಷ್ಟು ಜನ ಕುಡಿಯಬೇಕು. 2023ರಲ್ಲಿ ಮಳೆ ಕೈಕೊಟ್ಟಾಗ ದಿನಕ್ಕೆ 36ರಷ್ಟು ದಾಟುತ್ತಿದ್ದ ಹಡಗುಗಳನ್ನು ವರ್ಷ ತಿರುಗುವ ಹೊತ್ತಿಗೆ 24ರ ಆಸುಪಾಸಿಗೆ ಇಳಿಸಬೇಕಾಯಿತು. ಈಗ ಇಂಡಿಯೊ ನದಿಗೆ ಹೊಸ ಅಣೆಕಟ್ಟೆಯ ಯೋಜನೆಯಿದೆ, ಅದರಿಂದ ಸುಮಾರು 2,000 ಜನ ಊರು ಬಿಡಬೇಕು. ಅವರು ಬೀದಿಗಿಳಿದಿದ್ದಾರೆ. ಗಾಟುನ್ ಸರೋವರವೂ ಅಷ್ಟೆ, ಚಾಗ್ರೆಸ್ ನದಿಗೆ ಕಟ್ಟೆ ಹಾಕಿ ಹಳ್ಳಿಗಳನ್ನು ಮುಳುಗಿಸಿ ತುಂಬಿಸಿದ್ದು. ನಮ್ಮ ಅಜ್ಜಿಯ ತವರೂರೂ ಹೇಮಾವತಿ ಹಿನ್ನೀರಿನೊಳಗಿದೆ. ಮಳೆಗಾಲದಲ್ಲಿ ಅರ್ಧ ಮುಳುಗುವ ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಮುಂದೆ ಸೆಲ್ಫಿಗೆ ಬರುವವರನ್ನು ಕಂಡರೆ ಅಜ್ಜಿಗೆ ಈಗಲೂ ಸಿಟ್ಟು. ಹಾಗಾಗಿ ಆ 2,000 ಜನರ ಸುದ್ದಿ ನನಗೆ ದೂರದ ಸುದ್ದಿ ಅನಿಸಲಿಲ್ಲ.

ಇನ್ನೊಂದು ವಿಷಯ ಓದಿ ನಗು ಬಂತು, ಆಮೇಲೆ ಬರಲಿಲ್ಲ. ಅಮೆರಿಕನ್ನರು ಕಾಲುವೆ ತೋಡುವಾಗ (ಅದು 1914ರ ಆಗಸ್ಟ್ 15ರಂದು ತೆರೆಯಿತು) ಕೂಲಿ ಪಟ್ಟಿಯಲ್ಲಿ ಎರಡು ಭಾಗವಿತ್ತು. ಬಿಳಿಯ ಅಮೆರಿಕನ್ನರು ‘ಚಿನ್ನದ ಪಟ್ಟಿ’, ಬಾರ್ಬಡೋಸ್, ಜಮೈಕಾದಿಂದ ಬಂದ ಕಪ್ಪು ಕೂಲಿಗಳು ‘ಬೆಳ್ಳಿಯ ಪಟ್ಟಿ’. ಸಂಬಳ, ಊಟ, ವಸತಿ ಎಲ್ಲ ಬೇರೆ ಬೇರೆ. ಇಂದಿನ ಹಡಗಿನಲ್ಲಿ ಅಂಥ ಬೋರ್ಡಿಲ್ಲ. ಆದರೆ ನೀರಿನ ಮಟ್ಟಕ್ಕಿಂತ ಕೆಳಗೆ ಮಲಗುವವರು ಯಾವ ದೇಶದವರು, ಮೇಲೆ ಬಾಲ್ಕನಿಯಲ್ಲಿ ಕೂರುವವರು ಯಾವ ದೇಶದವರು ಎಂದು ನೋಡಲು ಬೋರ್ಡು ಬೇಕಾಗಿಲ್ಲ.

ಇಷ್ಟಾದರೂ ಹಡಗಿನ ಕೆಲಸಕ್ಕೆ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಊಟ, ವಸತಿ ಅವರದು, ದುಡಿದ ದುಡ್ಡು ಉಳಿಯುತ್ತದೆ. ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಕೆಲಸ ಕೊಡಿಸಲು ನನ್ನ ಏಜೆಂಟ್ ಎರಡೂವರೆ ಲಕ್ಷ ತೆಗೆದುಕೊಂಡ. ಅಪ್ಪ ಅವ್ವನ ಸರ, ಬಳೆ ಅಡವಿಟ್ಟರು. ಮೊದಲ ಐದಾರು ತಿಂಗಳ ಸಂಬಳ ಅದಕ್ಕೇ ಹೋಯಿತು. ಆ ದುಡ್ಡು ಕೇಳುವುದೇ ಕಾನೂನುಬಾಹಿರ ಎಂದು ನನಗೆ ತಿಳಿದದ್ದು ಹಡಗು ಹತ್ತಿದ ಮೇಲೆ, ಗೋಡೆಗೆ ಅಂಟಿಸಿದ್ದ ಕಾಗದದಿಂದ. 2006ರ ಕಡಲ ಕಾರ್ಮಿಕ ಒಪ್ಪಂದವನ್ನು ಭಾರತ 2015ರಲ್ಲಿ ಅನುಮೋದಿಸಿದೆ. ಅದರ ಪ್ರಕಾರ ನಾವಿಕ ತನ್ನ ಕೈಯಿಂದ ಕೊಡಬೇಕಾದದ್ದು ಪಾಸ್‌ಪೋರ್ಟ್, ಸಿಡಿಸಿ ಪುಸ್ತಕ ಮತ್ತು ವೈದ್ಯಕೀಯ ಪ್ರಮಾಣಪತ್ರದ ಖರ್ಚು ಮಾತ್ರ. ವೀಸಾ ಖರ್ಚೂ ಕಂಪನಿಯದು. ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಕೊಡಬೇಕು. ನೇಮಕ ಮಾಡುವ ಏಜೆನ್ಸಿಗೆ ಡಿಜಿ ಶಿಪ್ಪಿಂಗ್‌ನ ಆರ್‌ಪಿಎಸ್‌ಎಲ್ ಪರವಾನಗಿ ಇರಬೇಕು, ಅದರ ಪಟ್ಟಿ ಮೊಬೈಲಿನಲ್ಲೇ ಸಿಗುತ್ತದೆ. ಐದು ನಿಮಿಷದ ಕೆಲಸ. ನಾನು ಮಾಡಲಿಲ್ಲ, ಯಾರೂ ಹೇಳಿರಲೂ ಇಲ್ಲ. ಕೋರ್ಸಿಗೆ ಸೇರಿಸಿಕೊಳ್ಳುವಾಗ ‘ಕ್ರೂಸ್ ಲೈನ್ ಉದ್ಯೋಗ’ ಎಂದು ದೊಡ್ಡ ಹಡಗಿನ ಫೋಟೊ ಹಾಕುವ ಕಾಲೇಜುಗಳು ಈ ನಾಲ್ಕು ಸಾಲನ್ನೂ ಅದರ ಕೆಳಗೇ ಅಚ್ಚು ಹಾಕಬೇಕು. ಜಿಲ್ಲಾ ಉದ್ಯೋಗ ಮೇಳಗಳಲ್ಲಿ ಸ್ಟಾಲ್ ಕೊಡುವ ಮೊದಲು ಅಧಿಕಾರಿಗಳು ಪರವಾನಗಿ ಕೇಳಬೇಕು. ಯಾರಾದರೂ ದುಡ್ಡು ಕೇಳಿದರೆ, ಆಫರ್ ಲೆಟರ್ ಎಷ್ಟೇ ಮಿರುಗಲಿ, ಎದ್ದು ಬನ್ನಿ.

ಅವತ್ತು ಸಂಜೆ ಹಡಗು ಇನ್ನೂ ಮೂರು ಮೆಟ್ಟಿಲು ಇಳಿದು ಪೆಸಿಫಿಕ್ ಸೇರಿತು. ರಾತ್ರಿ ಎಂಟಕ್ಕೆ ಅವ್ವನಿಗೆ ಫೋನ್ ಮಾಡಿದೆ. ಗೊರೂರಿನಲ್ಲಿ ಮಾರನೆಯ ಬೆಳಿಗ್ಗೆ ಆರೂವರೆ, ಹಾಲು ಕರೆದು ಆಗಿತ್ತು.

‘ಕಾಲುವೆ ಅಂದ್ರೆ ನಮ್ಮ ನಾಲೆ ಹಂಗೇ ಐತೇನಪ್ಪಾ?’

‘ಹಂಗೇ ಅವ್ವ. ತೂಬು ಸ್ವಲ್ಪ ದೊಡ್ಡದು.’

‘ಚೆನ್ನಾಗಿ ನೋಡ್ದಾ?’

ಪೂರ್ತಿ ನೋಡಿದೆ ಅಂದೆ. ಪಾತ್ರೆ ತೊಳೆಯುವ ವಿಷಯ ಆಗಲೂ ಹೇಳಲಿಲ್ಲ. ಈ ಬರಹ ಅಚ್ಚಾದರೆ ಅಪ್ಪ ಓದಿ ಹೇಳುತ್ತಾರೆ.