ಹಟ್ಟಿಯ ಬಾಗಿಲಿಗೆ ಬರಬೇಕಾದ ಚಿಕಿತ್ಸೆ

ಸೆರೆಬ್ರಲ್ ಪಾಲ್ಸಿಯ ಬಾಧೆಗೊಳಗಾದ ಮಗುವಿನ ಕಾಲುಗಳನ್ನು ಪ್ರತಿದಿನವೂ ಮೆಲ್ಲನೆ ನೀವಿ, ನೀಳವಾಗಿ ಚಾಚಿಸಿ, ತಕ್ಕ ಭಂಗಿಯಲ್ಲಿ ಕುಳ್ಳಿರಿಸುವವರಿಲ್ಲದೆ ಹೋದರೆ, ಬೆಳೆಯುವ ಮೂಳೆಗೆ ಬಿಗಿದ ಸ್ನಾಯು ಹೊಂದಿಕೊಳ್ಳಲಾರದೆ ಮೊಣಕಾಲು ಮಡಿಸಿದಂತೆಯೇ ನಿಂತುಬಿಡುವ ಸಂಭವ ಹೆಚ್ಚು. ನಿತ್ಯತೆಯೇ ಈ ಚಿಕಿತ್ಸೆಯ ಪ್ರಾಣವಾಗಿರುವಾಗ, ಎಂದೋ ಒಮ್ಮೆ ತಾಲ್ಲೂಕು ಕೇಂದ್ರದಲ್ಲಿ ಶಾಮಿಯಾನ ಹಾಕಿ ಗಾಲಿಕುರ್ಚಿ ಹಂಚುವ ಶಿಬಿರವು ಅದರ ಸ್ಥಾನವನ್ನು ತುಂಬಲಾರದು.

ನಮ್ಮ ನಾಡಿನಲ್ಲಿ ಈ ಕಾಳಜಿ ಇಂದು ನಿನ್ನೆಯದಲ್ಲ. 1901ರಷ್ಟು ಹಿಂದೆಯೇ ಮೈಸೂರಿನಲ್ಲಿ ಅಂಧರಿಗೂ ಕಿವುಡರಿಗೂ ಶಾಲೆ ತೆರೆದಿತ್ತು. 1959ರಲ್ಲಿ, ಸ್ವತಃ ಪೋಲಿಯೊಪೀಡಿತರಾಗಿದ್ದ ಎನ್.ಎಸ್. ಹೇಮಾ ಅವರು ಬೆಂಗಳೂರಿನಲ್ಲಿ ಅಂಗವಿಕಲರಿಗಾಗಿ ಎಪಿಡಿ ಸಂಸ್ಥೆಯನ್ನು ಕಟ್ಟಿದರು. ಆದರೆ ಮೊದಮೊದಲು ಇಂಥ ಆಶ್ರಯವು ನಗರವನ್ನರಸಿ ಬರಬಲ್ಲವರಿಗಷ್ಟೆ ಲಭ್ಯವಾಗಿದ್ದಿತು. ಚಿಕಿತ್ಸೆಯೇ ಹಳ್ಳಿಗೆ ನಡೆದು ಬರಬೇಕೆಂಬ, ಮನೆಯವರೇ ಅದನ್ನು ಕಲಿತು ಮುಂದುವರಿಸಬೇಕೆಂಬ ವಿಚಾರವು ಪ್ರಾಥಮಿಕ ಆರೋಗ್ಯ ಸೇವೆಯನ್ನು ಕುರಿತ 1978ರ ಆಲ್ಮಾ ಆಟಾ ಘೋಷಣೆಯ ಅನಂತರ ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ಸಮುದಾಯಾಧಾರಿತ ಪುನರ್ವಸತಿಯಾಗಿ ರೂಪುಗೊಂಡಿತು. ಅಂಗಳದಲ್ಲಿ ನಾಲ್ಕು ಗೂಟ ನೆಟ್ಟು, ಮಗುವಿನ ಸೊಂಟದೆತ್ತರಕ್ಕೆ ಎರಡು ಬಿದಿರ ಗಳುಗಳನ್ನು ಸಮಾನಾಂತರವಾಗಿ ಕಟ್ಟಿದರೆ ನಡಿಗೆಯ ಅಭ್ಯಾಸಕ್ಕೆ ಸಾಧನ ಸಿದ್ಧ. ಆದರೆ ಗಳುವಿನ ಎತ್ತರವನ್ನು ಗೊತ್ತುಮಾಡುವುದಕ್ಕೂ, ಹೆಜ್ಜೆ ತಪ್ಪಿದಲ್ಲಿ ತಿದ್ದುವುದಕ್ಕೂ ಬಲ್ಲವರೊಬ್ಬರು ಆಗಾಗ ಬರಬೇಕು.

ಬರುವರೆ? ಕಾನೂನು ಏನೆನ್ನುತ್ತದೆ ನೋಡೋಣ. ಅಂಗವಿಕಲರನ್ನು ಕುರಿತ 1995ರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿದ್ದರೆ, 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಅವನ್ನು 21ಕ್ಕೆ ವಿಸ್ತರಿಸಿತು. ಇದು ನಿಸ್ಸಂದೇಹವಾಗಿ ದೊಡ್ಡ ಮುನ್ನಡೆ. ಆದರೆ ಅದೇ ಕಾಯ್ದೆಯ 27ನೆಯ ಪ್ರಕರಣವು ಪುನರ್ವಸತಿ ಸೇವೆಯನ್ನು ಸರ್ಕಾರದ ಆರ್ಥಿಕ ಸಾಮರ್ಥ್ಯದ ಮಿತಿಗೆ ಒಳಪಡಿಸಿದೆ. ಉದ್ಯೋಗದ ಮೀಸಲಾತಿಗೆ ಶೇ 4 ಎಂದು ಅಂಕೆಯಲ್ಲಿಯೇ ವಿಧಿಸಿದ ಶಾಸನವು, ಆ ಉದ್ಯೋಗದವರೆಗೆ ಮಗುವನ್ನು ನಡೆಸಿಕೊಂಡು ಹೋಗುವ ಚಿಕಿತ್ಸೆಯನ್ನು ಬೊಕ್ಕಸದ ಅನುಕೂಲಕ್ಕೆ ಬಿಟ್ಟುಕೊಟ್ಟಿರುವುದು ನನಗೆ ತೀರ ಅಸಮಾಧಾನದ ಸಂಗತಿ.

ಇದರ ಭಾರ ಬೀಳುವುದು ತಾಯಂದಿರ ಮೇಲೆ. ಚಿತ್ರದುರ್ಗ ಜಿಲ್ಲೆಯನ್ನೇ ನೋಡಿ. ಹೊಸದುರ್ಗದ ಕಡೆಯ ಹಳ್ಳಿಯಿಂದಲೋ ಹೊಳಲ್ಕೆರೆಯ ತೋಟದ ಸೀಮೆಯಿಂದಲೋ ಹತ್ತು ವರ್ಷದ ಮಗುವನ್ನು ಸೊಂಟದ ಮೇಲೆ ಹೊತ್ತು, ಬಸ್ಸು ಬದಲಿಸಿ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯನ್ನು ಸೇರಬೇಕಾದ ಕೂಲಿಯಾಕೆ ಒಂದು ದಿನದ ಕೂಲಿಯನ್ನು ಕಳೆದುಕೊಳ್ಳುತ್ತಾಳೆ. ವಾರಕ್ಕೆರಡು ಸಲ ಇದು ಆಗುವ ಮಾತಲ್ಲ. ಹೆದ್ದಾರಿಯ ಮೇಲಿರುವ ಹಿರಿಯೂರಿಗೆ ಬಸ್ಸಿನ ಸೌಕರ್ಯ ಹೆಚ್ಚೆನ್ನಬಹುದು. ಆದರೆ ಒಳನಾಡಿನ ಗೊಲ್ಲರಹಟ್ಟಿಯಿಂದ ಹೆದ್ದಾರಿಯನ್ನು ಮುಟ್ಟುವುದೇ ಮೊದಲ ಕಷ್ಟ.

ಹಾಗೆಂದು ದಾರಿಯೇ ಇಲ್ಲವೆಂದಲ್ಲ. ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಬಹುಪಾಲು ತಾವೇ ಅಂಗವಿಕಲರಾಗಿರುವ, ಗೌರವಧನಕ್ಕೆ ದುಡಿಯುವ ಇವರಿಗೆ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು, ಮಾಸಾಶನಗಳ ಅರ್ಜಿ ತುಂಬಿಸುವ ಕೆಲಸದ ಜೊತೆಗೆ, ಅಂಗಸಾಧನೆಯ ಪ್ರಾಥಮಿಕ ಶಿಕ್ಷಣವನ್ನೂ ವ್ಯವಸ್ಥಿತವಾಗಿ ಕೊಡಬೇಕು. ಹೋಬಳಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಸಂತೆಯ ದಿನವನ್ನೇ ಗೊತ್ತುಮಾಡಿ, ಫಿಸಿಯೋಥೆರಪಿಸ್ಟರೂ ವಾಕ್‌ಚಿಕಿತ್ಸಕರೂ ತಪ್ಪದೆ ಕುಳಿತರೆ, ಹೇಗೂ ಸಂತೆಗೆ ಬರುವ ತಾಯಿ ಮಗುವನ್ನೂ ಕರೆತಂದಾಳು. ಸ್ವಂತ ಆದಾಯದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗೆ ವೆಚ್ಚ ಮಾಡಬೇಕೆಂಬ ನಿಯಮ ಪಂಚಾಯಿತಿಗಳಿಗೆ ಈಗಾಗಲೇ ಇದೆ. ಆ ಹಣದಿಂದ ಬಿದಿರಿನ ಗಳುಗಳನ್ನೂ, ಮಗುವನ್ನು ತಕ್ಕ ಭಂಗಿಯಲ್ಲಿ ಕುಳ್ಳಿರಿಸುವ ಮೂಲೆಕುರ್ಚಿಗಳನ್ನೂ ಊರಿನ ಬಡಗಿಯಿಂದಲೇ ಮಾಡಿಸಬಹುದು.