ತೇರು ಎಳೆಯುವವರು ಸಿಗುತ್ತಾರೆ, ಕಟ್ಟುವವರು?

ಮಕ್ಕಳೇ, ಈ ವಾರ ಮೊದಲು ಒಂದು ಕಥೆ. ಜಪಾನಿನಲ್ಲಿ ನೂರಾರು ವರ್ಷಗಳಿಂದ ಹೇಳುತ್ತ ಬಂದಿರುವ ಕಥೆ ಇದು.

ಒಂದೂರಿನಲ್ಲಿ ಇಬ್ಬರು ಅಣ್ಣತಮ್ಮಂದಿರಿದ್ದರು. ಒಬ್ಬ ಸೋಮಿನ್ ಶೋರಾಯ್, ತೀರಾ ಬಡವ. ಇನ್ನೊಬ್ಬ ಕೋತಾನ್ ಶೋರಾಯ್, ಕಣಜ ತುಂಬಿದ ಶ್ರೀಮಂತ. ಒಂದು ಸಂಜೆ ದೂರದ ದಾರಿಯ ಪ್ರಯಾಣಿಕನೊಬ್ಬ ಬಂದು, ರಾತ್ರಿ ತಂಗಲು ಜಾಗ ಕೇಳಿದ. ಕೋತಾನ್ ಆಗುವುದಿಲ್ಲ ಎಂದು ಕಳಿಸಿಬಿಟ್ಟ. ಸೋಮಿನ್ ಒಳಗೆ ಕರೆದ. ಕೂರಲು ನವಣೆಯ ಹುಲ್ಲು ಹಾಸಿದ, ಉಣ್ಣಲು ನವಣೆಯ ಅನ್ನ ಬಡಿಸಿದ. ಅವನ ಮನೆಯಲ್ಲಿ ಇದ್ದದ್ದೇ ಅಷ್ಟು.

ವರ್ಷಗಳು ಕಳೆದವು. ಆ ಪ್ರಯಾಣಿಕ ಮತ್ತೆ ಬಂದ. ಅವನು ಮನುಷ್ಯನಲ್ಲ, ದೇವರು! "ನಿನ್ನ ಮನೆಯವರೆಲ್ಲ ಸೊಂಟಕ್ಕೆ ಹುಲ್ಲಿನ ಬಳೆ ಕಟ್ಟಿಕೊಳ್ಳಲಿ" ಎಂದು ಸೋಮಿನ್‌ಗೆ ಹೇಳಿದ. ಆ ಹುಲ್ಲು ನಮ್ಮ ದರ್ಭೆಯಂಥದು. ಅದೇ ರಾತ್ರಿ ಊರಿಗೆ ಸಾವು ಬಂತು. ಹುಲ್ಲಿನ ಬಳೆ ಕಟ್ಟಿದವರು ಮಾತ್ರ ಉಳಿದರು. ಮುಂದೆಯೂ ಸಾಂಕ್ರಾಮಿಕ ರೋಗ ಬಂದಾಗ "ನಾವು ಸೋಮಿನ್ ಶೋರಾಯ್ ವಂಶದವರು" ಎಂದು ಹೇಳಿಕೊಂಡರೆ ರೋಗ ತಟ್ಟುವುದಿಲ್ಲ ಎಂದು ದೇವರು ವರ ಕೊಟ್ಟನಂತೆ. ಒಂದು ಊಟದ ಸಾಲಕ್ಕೆ ಇಷ್ಟು ಬಡ್ಡಿ ಕೊಟ್ಟ ಸಾಲಗಾರನನ್ನು ನಾನು ಬ್ಯಾಂಕಿನ ಕೌಂಟರಿನಲ್ಲಿ ಎಂದೂ ನೋಡಿರಲಿಲ್ಲ ಬಿಡಿ.

ಈ ಒಂದು ಕಥೆಯನ್ನು ನಂಬಿಕೊಂಡು ಜಪಾನಿನಲ್ಲಿ ಹಲವು ಹಬ್ಬಗಳು ಹುಟ್ಟಿವೆ. ಅವುಗಳಲ್ಲಿ ಎರಡರ ವಿಷಯ ಇವತ್ತು ಹೇಳಬೇಕು. ಒಂದು ಈಗಲೂ ಅದ್ಧೂರಿಯಾಗಿ ನಡೆಯುತ್ತಿದೆ. ಇನ್ನೊಂದು ನಿಂತುಹೋಗಿದೆ. ಯಾಕೆ ಹಾಗಾಯಿತು ಎನ್ನುವುದರಲ್ಲಿ ಅಜ್ಜ ಅಜ್ಜಿಯರಿಗೂ ಮೊಮ್ಮಕ್ಕಳಿಗೂ ಒಂದು ಮಾತಿದೆ.

ಮೊದಲನೆಯದು ಕ್ಯೋಟೋ ನಗರದ ಗಿಯೋನ್ ಹಬ್ಬ. ನಾವು ನಾಲ್ವರು ಗೆಳೆಯರು ಅದನ್ನು ನೋಡಲೆಂದೇ ಜುಲೈ ತಿಂಗಳಲ್ಲಿ ಕ್ಯೋಟೋಗೆ ಹೋಗಿದ್ದೆವು. ನಾಲ್ವರ ವಯಸ್ಸು ಕೂಡಿಸಿದರೆ 290 ದಾಟುತ್ತದೆ. ಅಲ್ಲಿಯ ಜುಲೈ ಸೆಕೆ ನಮ್ಮ ಮಂಗಳೂರಿನ ಮೇ ತಿಂಗಳನ್ನು ನೆನಪಿಸುತ್ತದೆ. ಮೈಯೆಲ್ಲ ಬೆವರು. ಆದರೂ ಬೀದಿಯಲ್ಲಿ ನಿಂತ ತೇರುಗಳನ್ನು ಕಂಡಮೇಲೆ ಸೆಕೆಯ ಮಾತು ಯಾರೂ ಎತ್ತಲಿಲ್ಲ.

869ನೇ ಇಸವಿಯಲ್ಲಿ ಕ್ಯೋಟೋದಲ್ಲಿ ಸಾಂಕ್ರಾಮಿಕ ರೋಗ ಹರಡಿತು. ಆಗ ಜಪಾನಿನಲ್ಲಿ 66 ಪ್ರಾಂತಗಳಿದ್ದವು. ಪ್ರಾಂತಕ್ಕೊಂದರಂತೆ 66 ಈಟಿಗಳನ್ನು ನೆಟ್ಟು, ರೋಗ ತೊಲಗಲೆಂದು ದೇವರನ್ನು ಪ್ರಾರ್ಥಿಸಿದರು. ಅದೇ ಈ ಹಬ್ಬದ ಆರಂಭ ಎನ್ನುತ್ತಾರೆ. ಕಾಲ ಕಳೆದಂತೆ ಈಟಿಗಳು ತೇರುಗಳಾದವು. ಈಗ ಒಟ್ಟು 34 ತೇರುಗಳಿವೆ. ಜುಲೈ 17ರಂದು 23, ಜುಲೈ 24ರಂದು 11 ತೇರುಗಳು ಬೀದಿಗೆ ಬರುತ್ತವೆ.

ಗಿಯೋನ್ ಎಂಬ ಹೆಸರು ಎಲ್ಲಿಯದು ಗೊತ್ತೇ? ನಮ್ಮ ದೇಶದ್ದೇ! ಶ್ರಾವಸ್ತಿಯಲ್ಲಿ ಬುದ್ಧನು ಮಳೆಗಾಲಗಳನ್ನು ಕಳೆದ ಜೇತವನದ ಕಥೆ ನಿಮ್ಮ ಅಜ್ಜ ಹೇಳಿರಬಹುದು. ಅನಾಥಪಿಂಡಿಕನೆಂಬ ವರ್ತಕ ನೆಲದ ತುಂಬ ಚಿನ್ನದ ನಾಣ್ಯ ಹಾಸಿ, ಜೇತ ರಾಜಕುಮಾರನಿಂದ ಕೊಂಡ ತೋಟ ಅದು. ಆ ಜೇತವನ ವಿಹಾರಕ್ಕೆ ಜಪಾನಿನವರು ಗಿಯೋನ್ ಶೋಜಾ ಎನ್ನುತ್ತಾರೆ. ಅದನ್ನು ಕಾಯುವ ದೇವರೇ ರೋಗಗಳನ್ನು ಅಂಕೆಯಲ್ಲಿ ಇಡುವವನು ಎಂದು ನಂಬಿ, ಕ್ಯೋಟೋದಲ್ಲಿ ಅವನಿಗೆ ಗುಡಿ ಕಟ್ಟಿದರು. ಇವತ್ತು ಅದರ ಹೆಸರು ಯಾಸಕಾ ದೇವಾಲಯ. ಸೋಮಿನ್ ಮನೆಯಲ್ಲಿ ನವಣೆ ಅನ್ನ ಉಂಡ ಪ್ರಯಾಣಿಕ ದೇವರೂ ಇವನೇ ಎಂಬುದು ಅಲ್ಲಿಯವರ ನಂಬಿಕೆ.

ಹಬ್ಬದ ಹಿಂದಿನ ಸಂಜೆಗಳಲ್ಲಿ ತೇರುಗಳಿಗೆ ಸಾಲು ಸಾಲು ಕಾಗದದ ಲಾಂದ್ರ ತೂಗುಹಾಕುತ್ತಾರೆ. ಪ್ರತಿ ತೇರಿನ ಪಕ್ಕದಲ್ಲೂ ಅಂಗಡಿ. ಕೆಲವು ಕಡೆ ಅಂಗಡಿಯವರು ಯಾರು ಗೊತ್ತೇ? ಆ ಬೀದಿಯ ಮಕ್ಕಳು! ಸಣ್ಣ ಕಿಮೋನೋ ಹಾಕಿಕೊಂಡು ಸಾಲಾಗಿ ಕೂತು, ರಾಗವಾಗಿ ಹಾಡುತ್ತ ಮೇಣದಬತ್ತಿ ಮತ್ತು ಚಿಮಾಕಿ ಮಾರುತ್ತಾರೆ. ಚಿಮಾಕಿ ಎಂದರೆ ಬಿದಿರೆಲೆಯಲ್ಲಿ ಸುತ್ತಿದ ಕಟ್ಟು. ನಮ್ಮ ಗೆಳೆಯರೊಬ್ಬರು ಅದನ್ನು ಕಡುಬೆಂದೇ ತಿಳಿದು ಕೊಂಡು, ಹೋಟೆಲಿಗೆ ತಂದು ಎಲೆ ಬಿಚ್ಚತೊಡಗಿದರು. ಎಲೆಯ ಒಳಗೆ ಎಲೆ, ಅದರ ಒಳಗೆ ಹುಲ್ಲು! ತಿನ್ನುವ ಚಿಮಾಕಿಯೂ ಆ ದೇಶದಲ್ಲಿದೆ, ಆದರೆ ಇದು ಅದಲ್ಲ. ಇದನ್ನು ಮನೆಬಾಗಿಲಿನ ಮೇಲೆ ಒಂದು ವರ್ಷ ತೂಗುಹಾಕುತ್ತಾರೆ, ನಾವು ತೋರಣ ಕಟ್ಟಿದ ಹಾಗೆ. ಅದರ ಚೀಟಿಯಲ್ಲಿ "ಸೋಮಿನ್ ಶೋರಾಯ್ ವಂಶದವರು" ಎಂದು ಬರೆದಿರುತ್ತದೆ.

17ರ ಬೆಳಿಗ್ಗೆ ಮೊದಲು ಬರುವ ತೇರಿನ ಹೆಸರು ನಾಗಿನಾತಾ ಹೋಕೋ. ಅದರ ಮೇಲೆ ಮುಖಕ್ಕೆ ಬಿಳಿ ಬಣ್ಣ ಬಳಿದುಕೊಂಡ ಒಬ್ಬ ಹುಡುಗ ಕೂತಿರುತ್ತಾನೆ. ಅವನೇ ಚಿಗೋ, ಆ ದಿನದ ಮಟ್ಟಿಗೆ ದೇವರ ಸಮಾನ. ಅವನ ಕಾಲು ನೆಲಕ್ಕೆ ತಾಗಬಾರದೆಂದು ಗಟ್ಟಿಮುಟ್ಟಾದ ಒಬ್ಬರು ಅವನನ್ನು ಹೆಗಲ ಮೇಲೆ ಹೊತ್ತು ತರುತ್ತಾರೆ. ಬೀದಿಗೆ ಅಡ್ಡಲಾಗಿ ಕಟ್ಟಿದ ಹಗ್ಗವನ್ನು ಅವನು ಕತ್ತಿಯಿಂದ ಕಡಿದಮೇಲೇ ಮೆರವಣಿಗೆ ಮುಂದೆ ಸಾಗುವುದು.

ದೊಡ್ಡ ತೇರುಗಳು ತುದಿಯವರೆಗೆ ಸುಮಾರು 25 ಮೀಟರ್ ಎತ್ತರ. ತೂಕ 12 ಟನ್ನಿನ ಆಸುಪಾಸು. ಚಕ್ರವನ್ನು ತಿರುಗಿಸುವ ಯಾವ ಸಾಧನವೂ ಇಲ್ಲ. ಹಾಗಾದರೆ ಬೀದಿಯ ಮೂಲೆಯಲ್ಲಿ ತಿರುಗುವುದು ಹೇಗೆ? ಅದನ್ನು ನೋಡಲೆಂದೇ ಜನ ಮುಗಿಬೀಳುತ್ತಾರೆ. ಮುಂದಿನ ಚಕ್ರಗಳ ಕೆಳಗೆ ಸೀಳಿದ ಹಸಿರು ಬಿದಿರನ್ನು ಹಾಸಿ ನೀರು ಸುರಿಯುತ್ತಾರೆ. ಮುಂದೆ ನಿಂತವರು ಬೀಸಣಿಗೆ ಬೀಸಿ ಕೂಗು ಹಾಕುತ್ತಾರೆ. ಹಗ್ಗ ಹಿಡಿದವರು ಒಮ್ಮೆಲೇ ಪಕ್ಕಕ್ಕೆ ಜಗ್ಗುತ್ತಾರೆ. ಬಿದಿರಿನ ಮೇಲೆ ಚಕ್ರ ಜಾರಿ, ತೇರು ಕಿರ್ರೆಂದು ಸ್ವಲ್ಪ ತಿರುಗುತ್ತದೆ. ಹೀಗೆ ಮೂರು ನಾಲ್ಕು ಸಲ ಜಗ್ಗಿದರೆ ಪೂರ್ತಿ ತಿರುವು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು, ನಾವೂ ತಟ್ಟಿದೆವು.

ಆದರೆ ನನ್ನನ್ನು ಹೆಚ್ಚು ಹಿಡಿದದ್ದು ಬೇರೆಯೇ. ಅಷ್ಟು ದೊಡ್ಡ ತೇರಿನ ಚೌಕಟ್ಟಿನಲ್ಲಿ ಒಂದು ಮೊಳೆಯೂ ಇಲ್ಲ. ತೊಲೆಗೆ ತೊಲೆ ಜೋಡಿಸಿ, ಬರೀ ಹುಲ್ಲಿನ ಹಗ್ಗದಿಂದ ಬಿಗಿದಿರುತ್ತಾರೆ. ಮೊಳೆ ಹೊಡೆದರೆ ರಸ್ತೆಯ ಕುಲುಕಾಟಕ್ಕೆ ಮರ ಸೀಳೀತು. ಹಗ್ಗವಾದರೆ ಸ್ವಲ್ಪ ಬಾಗಿ ಬಳುಕಿ ತಡೆದುಕೊಳ್ಳುತ್ತದೆ. ಹಗ್ಗದ ಸುತ್ತುಗಳು ಎಷ್ಟು ಅಚ್ಚುಕಟ್ಟು ಎಂದರೆ, ಕೆಲವು ಕಡೆ ಚಿಟ್ಟೆಯ ಆಕಾರ ಕಾಣುತ್ತದೆ. ಆಮೇಲೆ ಅದರ ಮೇಲೆ ಬೆಲೆಬಾಳುವ ಬಟ್ಟೆಗಳನ್ನು ಇಳಿಬಿಟ್ಟು ಮುಚ್ಚಿಬಿಡುತ್ತಾರೆ. ಯೂರೋಪಿನಲ್ಲಿ ನೇಯ್ದ ಚಿತ್ರಪಟಗಳಿವೆ. ನಮ್ಮ ದಖ್ಖನಿನವು ಎಂದು ವಿದ್ವಾಂಸರು ಗುರುತಿಸಿರುವ ಹಳೆಯ ಜಮಖಾನೆಗಳೂ ಇವೆ. ಜನ ನೋಡುವುದು ಜಮಖಾನೆಯನ್ನು. ತೇರನ್ನು ಹಿಡಿದಿಟ್ಟಿರುವುದು ಒಳಗಿನ ಹಗ್ಗ.

ಪ್ರತಿ ವರ್ಷ ಜುಲೈ 10ರ ಹೊತ್ತಿಗೆ ಮೊದಲ ತಂಡದ ತೇರುಗಳನ್ನು ಕಟ್ಟಲು ಶುರುಮಾಡುತ್ತಾರೆ. ಮೆರವಣಿಗೆ ಮುಗಿದ ಕೂಡಲೇ ಬಿಚ್ಚುತ್ತಾರೆ. ಅಷ್ಟು ಕಷ್ಟಪಟ್ಟು ಕಟ್ಟಿದ್ದನ್ನು ಹಾಗೇ ಇಡಬಾರದೇ ಎಂದು ನಮಗೆ ಅನ್ನಿಸಬಹುದು. ಬಿಚ್ಚುವುದರಿಂದಲೇ ಮುಂದಿನ ವರ್ಷ ಮತ್ತೆ ಕಟ್ಟಬೇಕಾಗುತ್ತದೆ. ಮತ್ತೆ ಕಟ್ಟುವಾಗ ಹಿರಿಯರ ಪಕ್ಕದಲ್ಲಿ ಕಿರಿಯರು ನಿಂತು ಗಂಟು ಕಲಿಯುತ್ತಾರೆ. ತೇರನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರೆ ತೇರು ಉಳಿಯುತ್ತಿತ್ತು, ಗಂಟು ಮರೆತುಹೋಗುತ್ತಿತ್ತು.

ತೇರಿನ ಮೇಲಿನ ವಾದ್ಯದವರೂ ಹಾಗೆಯೇ. ಕೊಳಲು, ಡೋಲು, ಕೈಯಲ್ಲಿ ಹಿಡಿಯುವ ಜಾಗಟೆ, ಮೂರು ವಾದ್ಯ. ಆ ಜಾಗಟೆಯ ಸದ್ದನ್ನು ಅಲ್ಲಿಯವರು "ಕೋನ್ ಚಿಕಿ ಚಿನ್" ಎನ್ನುತ್ತಾರೆ. ಪ್ರಾಥಮಿಕ ಶಾಲೆಯ ಹುಡುಗರು ಮೊದಲು ಜಾಗಟೆ ಹಿಡಿಯುತ್ತಾರೆ. ಅದು ಕೈಗೆ ಕೂತಮೇಲೆ, ದೊಡ್ಡವರಾಗುತ್ತ ಕೊಳಲಿಗೋ ಡೋಲಿಗೋ ಬಡ್ತಿ. ಹಿಂದೆ ಇದೆಲ್ಲ ಗಂಡುಮಕ್ಕಳಿಗೆ ಮಾತ್ರ ಇತ್ತು. ಈಗ ಕೆಲವು ತೇರುಗಳಲ್ಲಿ ಹೆಣ್ಣುಮಕ್ಕಳೂ ನುಡಿಸುತ್ತಾರೆ. ಬೀದಿಯಲ್ಲಿ ಮನೆಗಳು ಕಡಿಮೆಯಾಗಿ ಕಚೇರಿಗಳು ಹೆಚ್ಚಿರುವುದರಿಂದ, ಹಗ್ಗ ಎಳೆಯಲು ಕಾಲೇಜು ವಿದ್ಯಾರ್ಥಿಗಳೂ ಬೇರೆ ಕಡೆಯವರೂ ಬರುತ್ತಾರೆ.

ಕೊರೋನಾ ಬಂದ 2020 ಮತ್ತು 2021ರಲ್ಲಿ ಮೆರವಣಿಗೆ ನಡೆಯಲಿಲ್ಲ. ಆದರೂ 2021ರಲ್ಲಿ ಸುಮಾರು ಅರ್ಧದಷ್ಟು ತೇರುಗಳನ್ನು ಕಟ್ಟಿ ನಿಲ್ಲಿಸಿದರು. ಎಳೆಯುವುದಕ್ಕಲ್ಲ. ಎರಡು ವರ್ಷ ಕಟ್ಟದಿದ್ದರೆ ಕೈಗೆ ಮರೆತುಹೋದೀತು, ಹೊಸಬರಿಗೆ ಕಲಿಸದೆ ಉಳಿದೀತು ಎಂಬ ಕಾರಣಕ್ಕೆ.

ಇನ್ನೂ ಒಂದು ತೇರಿನ ವಿಷಯ ಕೇಳಿ. ಅದರ ಹೆಸರು ತಾಕಾಯಾಮಾ. 1826ರ ಬಿರುಗಾಳಿ ಮಳೆಯಲ್ಲಿ ಹಾಳಾಗಿ, ಮೆರವಣಿಗೆಯಿಂದ ಹೊರಗೆ ಉಳಿಯಿತು. 1864ರ ಬೆಂಕಿಯಲ್ಲಿ ಬಹುಪಾಲು ಸುಟ್ಟುಹೋಯಿತು. ಉಳಿದದ್ದು ಮೂರ್ತಿಗಳು ಮತ್ತು ಕೆಲವು ವಸ್ತುಗಳು. ಆ ಬೀದಿಯವರು ತೇರಿಲ್ಲದಿದ್ದರೂ ಹಬ್ಬದಲ್ಲಿ ಅವುಗಳನ್ನೇ ಜೋಡಿಸಿಟ್ಟು ಪೂಜಿಸುತ್ತ ಬಂದರು. ನಮ್ಮ ಕಾಲದಲ್ಲಿ ಅವರ ಮೊಮ್ಮಕ್ಕಳ ಮೊಮ್ಮಕ್ಕಳು ತೇರನ್ನು ಮತ್ತೆ ಮಾಡಲು ಹೊರಟರು. ತೇರು ಬರುವ ಮೊದಲೇ ವಾದ್ಯದವರ ತಂಡ ಕಟ್ಟಿ ಅಭ್ಯಾಸ ಶುರುಮಾಡಿದರು. ಬೇರೆ ತೇರಿನವರು ತಮ್ಮಲ್ಲಿದ್ದ ಹಳೆಯ ಭಾಗಗಳನ್ನು ಕೊಟ್ಟರು. 2022ರಲ್ಲಿ, 196 ವರ್ಷಗಳ ಮೇಲೆ, ತಾಕಾಯಾಮಾ ಬೀದಿಗೆ ಬಂತು.

ಇನ್ನು ಎರಡನೆಯ ಹಬ್ಬ. ಅದನ್ನು ನಾವು ನೋಡಲಿಲ್ಲ, ಇನ್ನು ನೋಡುವಂತೆಯೂ ಇಲ್ಲ.

ಕ್ಯೋಟೋದಿಂದ ಬಹಳ ದೂರ, ಜಪಾನಿನ ಈಶಾನ್ಯದ ಇವಾಟೆ ಪ್ರಾಂತದಲ್ಲಿ, ಕಾಡಿನ ನಡುವೆ ಕೊಕುಸೆಕಿಜಿ ಎಂಬ ಬೌದ್ಧ ದೇವಾಲಯವಿದೆ. ಅಲ್ಲಿಯ ದೇವರು ಭೈಷಜ್ಯಗುರು, ರೋಗ ವಾಸಿಮಾಡುವ ಬುದ್ಧ. ಅಲ್ಲಿ ನಡೆಯುತ್ತಿದ್ದ ಹಬ್ಬದ ಹೆಸರು ಸೋಮಿನ್‌ಸಾಯ್. ಹೆಸರಿನಲ್ಲೇ ನಮ್ಮ ನವಣೆ ಅನ್ನದ ಸೋಮಿನ್ ಇದ್ದಾನೆ. ಕೊರೆಯುವ ಚಳಿಯ ರಾತ್ರಿ, ಗಂಡಸರು ಲಂಗೋಟಿಯಲ್ಲೇ ತಣ್ಣೀರು ಸುರಿದುಕೊಳ್ಳುತ್ತಿದ್ದರು. ಆಮೇಲೆ ಸೆಣಬಿನ ಒಂದು ಚೀಲಕ್ಕಾಗಿ ನೂಕುನುಗ್ಗಲು. ಆ ಚೀಲದಲ್ಲಿ ಮರದ ಸಣ್ಣ ಸಣ್ಣ ತಾಯಿತಗಳು. ಅದು ಸಿಕ್ಕವರಿಗೆ ವರ್ಷವಿಡೀ ಒಳ್ಳೆಯದಾಗುತ್ತದೆಂಬ ನಂಬಿಕೆ. ಸಾವಿರ ವರ್ಷಕ್ಕೂ ಹಳೆಯದೆಂದು ಹೆಸರಾಗಿದ್ದ ಈ ಹಬ್ಬ 2024ರ ಫೆಬ್ರುವರಿ 17ರಂದು ಕೊನೆಯ ಬಾರಿ ನಡೆಯಿತು.

ಜನ ಬರದೆ ನಿಂತಿತೇ? ಇಲ್ಲ. ಆ ಕೊನೆಯ ರಾತ್ರಿಯೂ ನೂಕಾಡಲು ನೂರಾರು ಮಂದಿ ಬಂದಿದ್ದರು. ಭಕ್ತಿ ಕಡಿಮೆಯಾಯಿತೇ? ಅದೂ ಅಲ್ಲ, ಗುಡಿಯಲ್ಲಿ ಪ್ರಾರ್ಥನೆ ನಿಂತಿಲ್ಲ. ಇಲ್ಲದಾದದ್ದು ತಯಾರಿ ಮಾಡುವ ಕೈಗಳು. ಕಾಡಿನಿಂದ ಮರ ತರಬೇಕು, ತಾಯಿತ ಕೆತ್ತಬೇಕು, ರಾತ್ರಿಯಿಡೀ ಹಬ್ಬ ನಡೆಸಬೇಕು. ಈ ಕೆಲಸಗಳು ಊರಿನ ಕೆಲವೇ ಮನೆತನಗಳಲ್ಲಿ ತಂದೆಯಿಂದ ಮಗನಿಗೆ ಬಂದಿದ್ದವು. ಆ ಮನೆಗಳಲ್ಲಿ ಉಳಿದವರು ವಯಸ್ಸಾದವರು. ಕಿರಿಯರು ಓದಿಗೆ, ಕೆಲಸಕ್ಕೆ ಪಟ್ಟಣ ಸೇರಿದ್ದರು. ಹಾಗೆ ಹೋದವರನ್ನು ಬೈಯಲು ನನಗೆ ಬಾಯಿಲ್ಲ. ನಮ್ಮ ನಾಲ್ವರ ಮಕ್ಕಳೂ ಊರು ಬಿಟ್ಟವರೇ, ನಾವೂ ನಮ್ಮ ಕಾಲಕ್ಕೆ ನೌಕರಿಗೆಂದು ಊರು ಬಿಟ್ಟವರೇ.

ಹಬ್ಬದ ದಿನ ಬರುವವರಿಗೆ ಎಂದೂ ಕೊರತೆಯಿಲ್ಲ. ಹಬ್ಬದ ಹಿಂದಿನ ವಾರ ಬರುವವರು ಯಾರು ಎಂಬುದೇ ಪ್ರಶ್ನೆ. ಗಿಯೋನ್‌ನಲ್ಲಿ ಏಳೆಂಟು ವರ್ಷದ ಹುಡುಗನ ಕೈಗೆ ಜಾಗಟೆ ಕೊಟ್ಟರು, ಬೇರೆ ಬೀದಿಯವನಿಗೂ ಹಗ್ಗ ಕೊಟ್ಟರು, ಹೆಣ್ಣುಮಕ್ಕಳಿಗೂ ಸ್ವಲ್ಪ ಜಾಗ ಬಿಟ್ಟರು. ಅದು ದೊಡ್ಡ ಪಟ್ಟಣ, ಕೊಡಲು ಕೈಗಳು ಸಿಕ್ಕವು. ಕೊಕುಸೆಕಿಜಿಯ ಹಿರಿಯರ ಹತ್ತಿರ ಕೆಲಸವಿತ್ತು, ನಂಬಿಕೆಯಿತ್ತು, ಕೊಡಲು ಎದುರಿಗೆ ಮಕ್ಕಳಿರಲಿಲ್ಲ.

ಓದುಗ ಅಜ್ಜ ಅಜ್ಜಿಯರೇ, ನಮ್ಮ ಎದುರಿಗೆ ಇನ್ನೂ ಮಕ್ಕಳಿದ್ದಾರೆ. ರಜೆಗಾದರೂ ಬರುತ್ತಾರೆ. ಹಬ್ಬದ ದಿನ ಅವರನ್ನು ಹೊಸ ಬಟ್ಟೆ ಹಾಕಿ ಕೂರಿಸಿ, ಎಲ್ಲವನ್ನೂ ನಾವೇ ಮಾಡಿ ಮುಗಿಸುತ್ತೇವೆ. "ನೀನು ಮುಟ್ಟಬೇಡ, ಕೆಡಿಸುತ್ತೀಯ" ಎನ್ನುತ್ತೇವೆ. ತೋರಣದ ಎಲೆ ಸ್ವಲ್ಪ ಸೊಟ್ಟಗಾದರೆ ಆಗಲಿ. ಕಡುಬಿನ ಅಂಚು ಬಿಟ್ಟುಕೊಂಡರೆ ಬಿಟ್ಟುಕೊಳ್ಳಲಿ.

ಮಕ್ಕಳೇ, ನಿಮಗೂ ಒಂದು ಕೆಲಸ. ನಿಮ್ಮ ಅಜ್ಜನಿಗೋ ಅಜ್ಜಿಗೋ ಮಾತ್ರ ಬರುವ, ಮನೆಯಲ್ಲಿ ಬೇರೆ ಯಾರಿಗೂ ಬರದ ಕೆಲಸ ಒಂದಾದರೂ ಇದ್ದೇ ಇರುತ್ತದೆ. ಬತ್ತಿ ಹೊಸೆಯುವುದಿರಬಹುದು, ಬಾಳೆಕಂಬ ಕಟ್ಟುವ ಗಂಟಿರಬಹುದು, ಚುಕ್ಕಿ ತಪ್ಪದ ರಂಗೋಲಿಯಿರಬಹುದು. ಈ ಭಾನುವಾರ ಪಕ್ಕದಲ್ಲಿ ಕೂತು ಕಲಿತುಕೊಳ್ಳಿ. ಮೊದಲ ಸಲ ಬರುವುದಿಲ್ಲ. ಜಾಗಟೆ ಹಿಡಿದ ಆ ಹುಡುಗರಿಗೂ ಮೊದಲ ದಿನವೇ ತಾಳ ಕೂತಿರಲಿಕ್ಕಿಲ್ಲ.

ಮುಂದಿನ ವಾರ ನಾರಾ ಪಟ್ಟಣದ ದೊಡ್ಡ ಬುದ್ಧನ ಹತ್ತಿರ ಹೋಗೋಣ. ದಾರಿಯಲ್ಲಿ ಜಿಂಕೆಗಳಿವೆ, ತಿಂಡಿ ಜೋಪಾನ.