ದೇವರ ಮಕ್ಕಳಿಗೆ ಎರಡು ಸ್ಮಶಾನವೇ?

ದೀಕ್ಷಾಸ್ನಾನ ಪಡೆದವರೆಲ್ಲ ದೇವರ ಮಕ್ಕಳು, ಆದ್ದರಿಂದ ತೇನಿ-ದಿಂಡಿಗಲ್ ಕಡೆಯ ದಲಿತ ಕ್ರೈಸ್ತರು ಪರಿಶಿಷ್ಟ ಜಾತಿಯ ಸ್ಥಾನಮಾನ ಕೇಳುವುದು ತಮ್ಮ ವಿಶ್ವಾಸವನ್ನೇ ಅಲ್ಲಗಳೆದಂತೆ ಎಂದು ಕಳೆದ ಸಂಚಿಕೆಯ ಲೇಖಕರು ಬರೆದಿದ್ದಾರೆ. ಮೊದಲರ್ಧ ಸರಿ. ಎರಡನೆಯದು ಶುದ್ಧ ತಲೆಹರಟೆ.

ಪೌಲನ ಪತ್ರಗಳನ್ನು ಲೇಖಕರು ಅರ್ಧಕ್ಕೇ ಮುಚ್ಚಿಟ್ಟಂತಿದೆ. ಗಲಾತ್ಯದವರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯದಲ್ಲಿ ಮಕ್ಕಳೆಂಬ ಮಾತಿನ ಬೆನ್ನಿಗೇ ದಾಸ-ಸ್ವತಂತ್ರ ಎಂಬ ಭೇದ ಅಳಿಯುವ ಮಾತಿದೆ. ರೋಮಾಪುರದವರ ಪತ್ರದಲ್ಲಿ ಮಕ್ಕಳಾದವರು ಬಾಧ್ಯಸ್ಥರೂ ಹೌದು. ಪಾಲು ಕೊಡದೆ ಮಗನೆಂದು ಕರೆದರೆ ಅದೆಂಥ ದತ್ತು?

ದಿಂಡಿಗಲ್ 2003ರಲ್ಲಿ ಪ್ರತ್ಯೇಕ ಧರ್ಮಪ್ರಾಂತ್ಯವಾಗುವವರೆಗೂ ತಿರುಚಿರಾಪಳ್ಳಿಗೆ ಸೇರಿತ್ತು. ಅದೇ ತಿರುಚಿಯ ಮೇಲಪುದೂರಿನ ಕ್ಯಾಥೊಲಿಕ್ ಸ್ಮಶಾನದಲ್ಲಿ ನಟ್ಟನಡುವೆ ಒಂದು ಗೋಡೆ: ಒಂದು ಬದಿ ಮೇಲ್ಜಾತಿಯ ಕ್ರೈಸ್ತರ ಗೋರಿ, ಇನ್ನೊಂದು ಬದಿ ದಲಿತ ಕ್ರೈಸ್ತರ ಗೋರಿ. ಎರಡೂ ಕಡೆ ಶಿಲುಬೆಯೇ! 17ನೇ ಶತಮಾನದ ಮಧುರೈ ಮಿಷನ್‌ ಕೂಡ ಮೇಲ್ಜಾತಿಗೊಬ್ಬ, ಕೆಳಜಾತಿಗೊಬ್ಬ ಪಾದ್ರಿಯನ್ನು ಇಟ್ಟಿತ್ತು.

ಇನ್ನು ಕಾನೂನು. ಯಾವ ಧರ್ಮದವರಿಗೆ ಪರಿಶಿಷ್ಟ ಜಾತಿಯ ಸ್ಥಾನಮಾನ ಸಿಗುತ್ತದೆಂದು ನಿರ್ಧರಿಸುವ 1950ರ ರಾಷ್ಟ್ರಪತಿಗಳ ಆದೇಶಕ್ಕೆ 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಲಾಯಿತು. ಆ ಧರ್ಮಗಳೂ ಜಾತಿಯನ್ನು ಒಪ್ಪುವುದಿಲ್ಲವಲ್ಲ! ಅವರನ್ನು ಯಾರೂ ನಿಮ್ಮ ಭಕ್ತಿ ಸುಳ್ಳೇ ಎಂದು ಕೇಳಲಿಲ್ಲ. ತಮಿಳುನಾಡಿನಲ್ಲಿ ಕ್ರೈಸ್ತರಾದ ಪರಿಶಿಷ್ಟರು ಹಿಂದುಳಿದ ವರ್ಗದ ಪಟ್ಟಿಗೆ ಜಾರುತ್ತಾರೆ. ಪರಿಶಿಷ್ಟರ ಮೀಸಲು ಕ್ಷೇತ್ರದಲ್ಲಿ ಸ್ಪರ್ಧಿಸುವಂತಿಲ್ಲ.

ಲೇಖಕರು ತಮ್ಮ ಉಪದೇಶವನ್ನು ಮೊದಲು ಗೋಡೆ ಕಟ್ಟಿದವರಿಗೆ ಕೊಡಲಿ.